ಒಂದೇ ಬಾಗಿಲು, ಹಿಂದೆ ಮೂರು ಸರ್ವರ್

ಮಾನ್ವಿಯಲ್ಲಿ ಕೂತು ಮೊಬೈಲಿನಲ್ಲಿ ಕನ್ನಡ ವಿಕಿಪೀಡಿಯ ತೆರೆದರೆ ಮೊದಲು ಓಗೊಡುವುದು ಸಿಂಗಪುರದ ರಿವರ್ಸ್ ಪ್ರಾಕ್ಸಿ, ಅಂದರೆ ಹಿಂದಿನ ಸರ್ವರ್‌ಗಳ ಪರವಾಗಿ ಬಾಗಿಲಲ್ಲಿ ನಿಂತು ಉತ್ತರಿಸುವ ಸರ್ವರ್. ವಿಕಿಮೀಡಿಯ ಫೌಂಡೇಶನ್ 2018ರಲ್ಲಿ ಅಲ್ಲಿ ಡೇಟಾ ಸೆಂಟರ್ ಶುರುಮಾಡಿತು. ಪುಟದ ಪ್ರತಿ ಅಲ್ಲೇ ಇದ್ದರೆ ಕೂಡಲೇ ಬರುತ್ತದೆ. ಇಲ್ಲದಿದ್ದರೆ ಬೇಡಿಕೆ ಅಮೆರಿಕದ ವರ್ಜೀನಿಯಾಕ್ಕೋ ಟೆಕ್ಸಾಸಿಗೋ ಸಾಗುತ್ತದೆ. ಲೇಖನ ಕೊಡುವ ತಂತ್ರಾಂಶ ಬೇರೆ, ಚಿತ್ರ ಕೊಡುವುದು ಬೇರೆ, ನಕಾಶೆ ಕೊಡುವುದು ಬೇರೆ. ಓದುಗರಿಗೆ ಇದೊಂದೂ ಕಾಣದು. ದೇವದುರ್ಗದಿಂದ ಲಾಗಿನ್ ಆಗಿ ಲೇಖನ ತಿದ್ದುವವರಿಗೆ ಮಾತ್ರ ಈ ಸುಖವಿಲ್ಲ. ಸಿದ್ಧಪ್ರತಿ ಅವರಿಗೆ ಸಲ್ಲದು, ಅವರ ಒಂದೊಂದು ಪುಟವೂ ಸಮುದ್ರ ದಾಟಿ ಬರಬೇಕು. ಬರೆಯುವವರಿಗಿಂತ ಓದುವವರಿಗೆ ಒಲಿದ ವ್ಯವಸ್ಥೆ ಇದು.

ಆದರೂ ಇದನ್ನು ನಾನು ಮೆಚ್ಚುವುದು ಒಂದು ಕಾರಣಕ್ಕೆ. ಉತ್ತರದ ಹೆಡರ್‌ನಲ್ಲಿ ‘ಎಕ್ಸ್-ಕ್ಯಾಶ್’ ಎಂಬ ಸಾಲಿರುತ್ತದೆ. ಯಾವ ಯಂತ್ರ ಉತ್ತರಿಸಿತು, ಸಂಗ್ರಹದಿಂದ ಕೊಟ್ಟಿತೋ ಹಿಂದಿನಿಂದ ತರಿಸಿತೋ ಎಂಬುದನ್ನು ಯಾರು ಬೇಕಾದರೂ ಅಲ್ಲಿ ನೋಡಬಹುದು.

ಈಗ ರಾಯಚೂರು ಕಡೆಯ ಯಾವುದಾದರೂ ಪದವಿ ಕಾಲೇಜನ್ನು ಊಹಿಸಿಕೊಳ್ಳಿ. ಗ್ರಂಥಾಲಯಕ್ಕೆ ಪರ್ಲ್‌ನಲ್ಲಿ ಬರೆದ ಕೋಹಾ, ಪಾಠಗಳಿಗೆ ಪಿಎಚ್‌ಪಿಯ ಮೂಡಲ್, ಪ್ರಬಂಧಗಳ ಸಂಗ್ರಹಕ್ಕೆ ಜಾವಾದ ಡಿಸ್ಪೇಸ್. ಸಾರ್ವಜನಿಕ ಐಪಿ ಒಂದೇ. ಕೋಹಾದ ಸಿಬ್ಬಂದಿ ಪುಟಕ್ಕೆ ಸಾಮಾನ್ಯವಾಗಿ ಕೊಡುವ ಪೋರ್ಟ್ 8080. ಡಿಸ್ಪೇಸ್ ಓಡುವ ಟಾಮ್‌ಕ್ಯಾಟ್‌ಗೂ ಅದೇ ಬೇಕು. ಜಗಳ ಬಿಡಿಸಲು ಒಂದರ ಪೋರ್ಟ್ ಬದಲಿಸಿ, ಮುಂದೆ ಎಂಜಿನ್‌ಎಕ್ಸ್ ಎಂಬ ರಿವರ್ಸ್ ಪ್ರಾಕ್ಸಿ ಕೂರಿಸುತ್ತಾರೆ. ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಇದು ಬಂದವರು ಯಾವ ಹೆಸರು ಕೇಳಿದರೆಂದು ನೋಡಿ ಆಯಾ ಸರ್ವರ್‌ಗೆ ದಾಟಿಸುತ್ತದೆ. ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ಗೊಡವೆಯೂ ಒಂದೇ ಕಡೆ ಮುಗಿಯುತ್ತದೆ. ಹಳೆಯದನ್ನು ಕಿತ್ತುಹಾಕದೆ ಹೊಸದನ್ನು ಪಕ್ಕಕ್ಕೆ ಸೇರಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ.

ತಕರಾರು ಇರುವುದು ಇದನ್ನು ಕೂರಿಸುವ ರೂಢಿಯ ಬಗ್ಗೆ. ಎಲ್ಲಿಂದಲೋ ಹತ್ತು ಸಾಲು ನಕಲು ಮಾಡಿ, ಪುಟ ತೆರೆದುಕೊಂಡರೆ ಕೆಲಸ ಮುಗಿಯಿತೆಂದು ಎದ್ದು ಹೋಗುತ್ತಾರೆ. ಎಂಜಿನ್‌ಎಕ್ಸ್ ತಾನಾಗಿ ಒಪ್ಪುವ ಅಪ್‌ಲೋಡ್ 1 ಎಂಬಿ ಮಾತ್ರ. ವಿದ್ಯಾರ್ಥಿನಿ ಅಸೈನ್‌ಮೆಂಟಿನ ಫೋಟೊ ಹಾಕಿದರೆ 413 ಎಂಬ ದೋಷ ಬರುತ್ತದೆ, ಬೈಗುಳ ಮೂಡಲ್‌ಗೆ ಬೀಳುತ್ತದೆ. ಕೋಹಾದ ದೊಡ್ಡ ವರದಿ 60 ಸೆಕೆಂಡು ಸದ್ದಿಲ್ಲದೆ ಲೆಕ್ಕ ಹಾಕುತ್ತ ಕೂತರೆ ಪ್ರಾಕ್ಸಿ ಕಾಯುವುದನ್ನು ಬಿಟ್ಟು 504 ಎನ್ನುತ್ತದೆ. ಒಳಗೆ ವರದಿ ಇನ್ನೂ ತಯಾರಾಗುತ್ತಲೇ ಇರುತ್ತದೆ. ಹೊರಗೆ ಎಚ್‌ಟಿಟಿಪಿಎಸ್, ಒಳಗೆ ಬರೀ ಎಚ್‌ಟಿಟಿಪಿ ಎಂದು ಮೂಡಲ್‌ಗೆ ಹೇಳದಿದ್ದರೆ ಪುಟ ತನ್ನನ್ನೇ ಸುತ್ತತೊಡಗುತ್ತದೆ.

ಇದಕ್ಕಿಂತ ಕೆಟ್ಟದ್ದು ವಿಳಾಸದ ಗೊಂದಲ. ಹಿಂದಿನ ಸರ್ವರ್‌ಗಳಿಗೆ ಬಂದವರೆಲ್ಲ 127.0.0.1, ಅಂದರೆ ಅದೇ ಯಂತ್ರದ ವಿಳಾಸವಾಗಿ ಕಾಣುತ್ತಾರೆ. ಪಾಸ್‌ವರ್ಡ್ ಊಹಿಸುವ ಒಬ್ಬ ಕಳ್ಳನನ್ನು ತಡೆಯಲು ಹೋದರೆ ಇಡೀ ಕಾಲೇಜಿಗೆ ಬಾಗಿಲು ಮುಚ್ಚುತ್ತದೆ. ಅಸಲಿ ವಿಳಾಸ ತಲುಪಿಸಲು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ಹೆಡರ್ ಉಂಟು. ಅದನ್ನು ಯಾರು ಬೇಕಾದರೂ ನಕಲಿ ಮಾಡಬಹುದು. ನಮ್ಮದೇ ಪ್ರಾಕ್ಸಿಯಿಂದ ಬಂದಾಗ ಮಾತ್ರ ನಂಬಬೇಕು. ಆ ಎಚ್ಚರ ನಕಲಿಸಿದ ಹತ್ತು ಸಾಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕರೆಂಟಿನ ಮಾತೂ ಬರಬೇಕು. ಶಕ್ತಿನಗರದ ಉಷ್ಣ ಸ್ಥಾವರ ಇದೇ ಜಿಲ್ಲೆಯಲ್ಲಿದ್ದರೂ ಕರೆಂಟು ಹೋಗುವುದೇನೂ ತಪ್ಪಿಲ್ಲ! ಮರಳಿ ಬಂದಾಗ ಎಂಜಿನ್‌ಎಕ್ಸ್ ಕ್ಷಣದಲ್ಲಿ ಏಳುತ್ತದೆ, ಟಾಮ್‌ಕ್ಯಾಟ್ ಮೇಲಿನ ಡಿಸ್ಪೇಸ್ ನಿಧಾನ. ನಡುವೆ ಬಂದವರಿಗೆ ಸಿಗುವುದು 502. ಹಿಂದೆ ಯಾವುದು ಬಿದ್ದಿದೆಯೆಂದು ಆ ಪುಟ ಹೇಳುವುದಿಲ್ಲ. ಎಂಜಿನ್‌ಎಕ್ಸ್‌ನ ಮಾಮೂಲಿ ಆಕ್ಸೆಸ್ ಲಾಗ್‌ನಲ್ಲೂ ಅದು ಇರುವುದಿಲ್ಲ. ಯಾವ ಸರ್ವರ್ ಎಷ್ಟು ಹೊತ್ತಿನಲ್ಲಿ ಉತ್ತರಿಸಿತೆಂದು ಬರೆಸಲು ಲಾಗ್‌ನ ನಮೂನೆಯನ್ನು ನಾವೇ ಬದಲಿಸಬೇಕು. ಹೊರಗಿನವರಿಗೆ ಮರೆಯಾಗಬೇಕಾದ ಸರ್ವರ್‌ಗಳು ನೋಡಿಕೊಳ್ಳುವವರಿಗೂ ಮರೆಯಾಗಿಬಿಡುತ್ತವೆ. ವಿಕಿಪೀಡಿಯದ ಆ ಒಂದು ಸಾಲಿನ ಬೆಲೆ ತಿಳಿಯುವುದು ಇಲ್ಲಿ.

ಒಬ್ಬರೇ ಲ್ಯಾಬ್ ಸಹಾಯಕರಿರುವ ಕಾಲೇಜಾದರೆ ಎಂಜಿನ್‌ಎಕ್ಸ್ ಬದಲು 2015ರಲ್ಲಿ ಬಂದ ಕ್ಯಾಡಿಯನ್ನು ನಾನು ಆರಿಸುತ್ತೇನೆ. ಪ್ರಮಾಣಪತ್ರವನ್ನು ತಾನೇ ತಂದು ತಾನೇ ನವೀಕರಿಸುತ್ತದೆ, ಅಸಲಿ ವಿಳಾಸವನ್ನು ಕೇಳದೆಯೇ ಹಿಂದಕ್ಕೆ ಕಳಿಸುತ್ತದೆ, 1 ಎಂಬಿಯ ಕಟ್ಟೂ ಇಲ್ಲ. ಆದರೆ ಬಂದುಹೋದವರ ಲೆಕ್ಕವನ್ನು ಅದು ತಾನಾಗಿ ಬರೆದಿಡದು. ಅದಕ್ಕೆ ‘ಲಾಗ್’ ಎಂಬ ಆದೇಶವನ್ನು ಒಂದೊಂದು ಸೈಟಿನ ಕೆಳಗೂ ಸೇರಿಸಬೇಕು.