ಸಂಪರ್ಕದ ಲೆಕ್ಕ, ಹೊಗೆಯ ಲೆಕ್ಕ

ನೀತಿ ಆಯೋಗದ ಎಸ್‌ಡಿಜಿ (ಸುಸ್ಥಿರ ಅಭಿವೃದ್ಧಿ ಗುರಿಗಳ) ಇಂಡಿಯಾ ಸೂಚ್ಯಂಕದಲ್ಲಿ 2018ರಲ್ಲಿ ದೇಶಕ್ಕೆ ಬಂದ ಅಂಕ 57, 2023–24ರಲ್ಲಿ 71. ಈ ಏರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಬಡತನ, ನೀರು, ಶಾಲೆ, ಕಾಡು ಎಲ್ಲವನ್ನೂ ಒಂದೇ ಪಟ್ಟಿಗೆ ತಂದು ರಾಜ್ಯಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದು ಒಳ್ಳೆಯ ಕೆಲಸ. ಪಕ್ಕದ ರಾಜ್ಯಕ್ಕಿಂತ ನಾವೇಕೆ ಹಿಂದೆ ಎಂದು ಈಗ ಯಾರು ಬೇಕಾದರೂ ಕೇಳಬಹುದು. ನನ್ನ ತಕರಾರು ಇರುವುದು ಎಣಿಸುವ ಬಗೆಯಲ್ಲಿ.

ಏಳನೆಯ ಗುರಿಯನ್ನೇ ನೋಡಿ. ಇಂಧನದ ಈ ಗುರಿಯ ಅಂಕ 51ರಿಂದ 96ಕ್ಕೆ ಏರಿದೆ. ಅಡುಗೆ ಇಂಧನದ ಸೂಚಕ 2020–21ರಲ್ಲೇ ಶೇ 92.02 ಇತ್ತು, 2023–24ರಲ್ಲಿ ಶೇ 96.35. ಅದು ಎಣಿಸುವುದು ಮನೆಗಳಿಗೆ ಹೋಲಿಸಿದರೆ ಗ್ಯಾಸ್ ಸಂಪರ್ಕಗಳೆಷ್ಟು ಎಂಬುದನ್ನು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ, ಯಾವುದರಲ್ಲಿ ಅಡುಗೆ ಮಾಡುತ್ತೀರಿ ಎಂದು ಕೇಳಿದರು. ಶುದ್ಧ ಇಂಧನ ಬಳಸುವ ಮನೆಗಳು ಶೇ 58.6, ಹಳ್ಳಿಗಳಲ್ಲಂತೂ ಶೇ 43.2 ಮಾತ್ರ.

ಸಂಪರ್ಕಕ್ಕೂ ಬಳಕೆಗೂ ನಡುವಿನ ಈ ಅಂತರ ಹಳ್ಳಿಯ ಅಡುಗೆಮನೆಯಲ್ಲಿ ಕಣ್ಣಿಗೆ ಬೀಳುತ್ತದೆ. ಸಿಲಿಂಡರ್ ಬೆಳಗಿನ ಕಾಫಿಗೆ, ನೆಂಟರು ಬಂದಾಗಿನ ಅವಸರಕ್ಕೆ. ಮುದ್ದೆಯ ಎಸರು ಕುದಿಯುವುದು, ಸ್ನಾನದ ಹಂಡೆ ಕಾಯುವುದು ಸೌದೆ ಒಲೆಯ ಮೇಲೆಯೇ. ಊದುಗೊಳವೆ ಹಿಡಿದು ಬಗ್ಗಿದವಳ ಕಣ್ಣು ಕೆಂಪಾಗಿದೆ, ಜಂತೆಗೆ ಮಸಿ ಮೆತ್ತಿದೆ. ಆದರೂ ಸಂಪರ್ಕದ ಲೆಕ್ಕದಲ್ಲಿ ಆ ಮನೆ ಪಾಸು.

ಇನ್ನೊಂದು ತೊಡಕು ಸರಾಸರಿಯದು. ಸೂಚಕಗಳ ಸರಾಸರಿ ಗುರಿಯ ಅಂಕ, ಗುರಿಗಳ ಸರಾಸರಿ ದೇಶದ ಅಂಕ. ಹೀಗಾಗಿ ಇಂಧನದ 96, ಲಿಂಗ ಸಮಾನತೆಯ 49ನ್ನು ಮುಚ್ಚಿಬಿಡುತ್ತದೆ. ಒಲೆ ಊದುವವಳೂ, ಸೌದೆ ಹೊರುವವಳೂ ಹೆಣ್ಣೇ ಎಂಬುದು ಆ 71ರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಸೂಚಕಗಳ ಸಂಖ್ಯೆಯೂ 62, 100, 115, 113 ಎಂದು ಬದಲಾಗುತ್ತಲೇ ಬಂದಿದೆ. 57ರ ಪಕ್ಕದಲ್ಲಿ 71ನ್ನು ಇಡುವಾಗ ಅದೂ ನೆನಪಿರಬೇಕು.

ಗ್ಯಾಸಿನ ಬಳಕೆಯನ್ನೂ ಎಣಿಸಲು ಹೊಸ ಸಮೀಕ್ಷೆಯೇನೂ ಬೇಕಿಲ್ಲ. ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆಯ ಫಲಾನುಭವಿಗಳು ವರ್ಷಕ್ಕೆ ತೆಗೆದುಕೊಳ್ಳುವ ಸಿಲಿಂಡರ್‌ಗಳ ಸರಾಸರಿ ಸರ್ಕಾರದ ಬಳಿಯೇ ಇದೆ: 2019–20ರಲ್ಲಿ 3.01, 2023–24ರಲ್ಲಿ 3.95. ಸಂಪರ್ಕದ ಪಕ್ಕದಲ್ಲಿ ಈ ಅಂಕಿಯೂ ಸೂಚಕವಾಗಲಿ. ಆಗ ಸಿಲಿಂಡರ್‌ನ ಬೆಲೆ ಕೂಲಿಯವರ ಕೈಗೆಟುಕುತ್ತದೆಯೇ, ಗ್ಯಾಸ್ ಏಜೆನ್ಸಿ ಊರಿಂದ ಎಷ್ಟು ದೂರ ಎಂಬ ಪ್ರಶ್ನೆಗಳೂ ದೆಹಲಿಯ ಮೇಜಿಗೆ ಬರುತ್ತವೆ.