ಡಿಸೆಂಬರಿನ ಪಟ್ಟಿಗೆ ಸಿಗದ ಹಾಡು: ರಸಿಕರಿಗೊಂದು ಕೈಪಿಡಿ

ಡಿಸೆಂಬರ್ ಬಂತೆಂದರೆ ವಿಮರ್ಶಕರ ‘ವರ್ಷದ ಹತ್ತು ಅತ್ಯುತ್ತಮ ಆಲ್ಬಂ’ ಪಟ್ಟಿಗಳ ಸುರಿಮಳೆ. ನಾಲ್ಕನೆಯದಕ್ಕಿಂತ ಮೂರನೆಯದು ಯಾವುದರಲ್ಲಿ ಮೇಲು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಾರದಮುನಿಯ ಗುಡಿಯಿರುವ ಚಿಗಟೇರಿಯ ಸುತ್ತಣ ಸೀಮೆಯಲ್ಲಿ ಹಾಡು ಕೇಳಲು ಹೊರಟ ಹೊಸಬರಿಗೆ ಆ ಪಟ್ಟಿಗಳಿಂದ ಪ್ರಯೋಜನವಿಲ್ಲ. ಇಲ್ಲಿ ಕೇಳುವ ರೀತಿಯೇ ಬೇರೆ.

ಮೊದಲು ಕಾಲ ತಿಳಿಯಿರಿ. ಪಟ್ಟಿಯವರ ವರ್ಷ ಮುಗಿದ ಮೇಲೆಯೇ ಇಲ್ಲಿಯ ಹಾಡಿಗೆ ಕಳೆ ಬರುವುದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವರ ಡಮರುಗ ಕೇಳಬೇಕೆಂದರೆ ಭಾರತ ಹುಣ್ಣಿಮೆಯ ಜಾತ್ರೆಗೇ ಹೋಗಬೇಕು. ಬಯಲಾಟಕ್ಕೆ ಸುಗ್ಗಿ ಮುಗಿದು ಕೈ ಬಿಡುವಾಗಬೇಕು.

ಎರಡನೆಯದು, ವಾದ್ಯಕ್ಕೆ ಕಿವಿಗೊಡಿ. ಜೋಗತಿಯರು ಚೌಡಿಕೆಯನ್ನು ಬಗಲಲ್ಲಿ ಅವುಚಿ, ಒಂದು ಕೈಯಲ್ಲಿ ತಂತಿ ಎಳೆದು ಹಿಡಿದು, ಇನ್ನೊಂದರಲ್ಲಿ ಮೀಟುತ್ತಾರೆ. ಬಿಗಿದರೆ ನಾದ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಜೊತೆಗಿರುವ ಶ್ರುತಿಯ ಒಂಟಿ ತಂತಿ ಮಾತ್ರ ತನ್ನ ಸ್ವರ ಬಿಟ್ಟು ಕದಲುವುದಿಲ್ಲ. ಮೊದಲ ಸಲ ಇವೆರಡರ ಎಳೆದಾಟವನ್ನಷ್ಟೇ ಕೇಳಿ. ಎಲ್ಲಮ್ಮನ ಕಥೆ ನಿಧಾನವಾಗಿ ಹಿಡಿತಕ್ಕೆ ಬರುತ್ತದೆ.

ಮೂರನೆಯದು, ಹಿಂದೆ ನಿಂತವರನ್ನು ಗಮನಿಸಿ. ಮುಂದಿನವರು ಉಸಿರು ಬಿಟ್ಟಲ್ಲಿ ಹಿಮ್ಮೇಳ ಸೊಲ್ಲು ಎತ್ತಿಕೊಳ್ಳುತ್ತದೆ. ಪದ ನಿಲ್ಲುವುದೂ ಬೀಳುವುದೂ ಅಲ್ಲೇ. ಪಟ್ಟಿಗೆ ಒಂದೇ ಹೆಸರು ಸಾಕು. 2021ರ ಪದ್ಮಶ್ರೀಯಿಂದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ನಾಡಿಗೆಲ್ಲ ಗೊತ್ತಾದರು. ಅವರನ್ನು ಮೇಳಕ್ಕೆ ಸೇರಿಸಿಕೊಂಡ ಕಾಳವ್ವ ಜೋಗತಿಯ ಹೆಸರು ಎಷ್ಟು ಜನರ ಬಾಯಲ್ಲಿದೆ?

ನಾಲ್ಕನೆಯದು, ಹೊಸತನದ ಹಟ ಬಿಡಿ. 1823ರಲ್ಲಿ ಹುಟ್ಟಿದ ಹರಪನಹಳ್ಳಿ ಭೀಮವ್ವನ ಹಾಡುಗಳು ಹೆಣ್ಣುಮಕ್ಕಳ ಬಾಯಿಂದ ಬಾಯಿಗೆ ಸಾಗಿಬಂದವು. ಕೊನೆಯಲ್ಲಿ ‘ಭೀಮೇಶಕೃಷ್ಣ’ ಎಂಬ ಅಂಕಿತ ಬಂದರೆ ಅದು ಆಕೆಯದು. ಇವನ್ನು ಯಾವ ವರ್ಷದ ಲೆಕ್ಕಕ್ಕೆ ಬರೆಯುವುದು?

ಕೊನೆಯದು, ಹೋಲಿಸುವುದಾದರೆ ಒಂದೇ ಪದವನ್ನು ಎರಡು ಮೇಳಗಳಿಂದ ಕೇಳಿ. ಒಬ್ಬರು ಎಳೆದು ನಿಲ್ಲಿಸಿದ ಕಡೆ ಇನ್ನೊಬ್ಬರು ಓಡಿರುತ್ತಾರೆ. ರುಚಿ ಬೆಳೆಯುವುದು ಹಾಗೆ. ಗೊರವರ ಡಮರುಗಕ್ಕೂ ಭೀಮವ್ವನ ಆರತಿ ಹಾಡಿಗೂ ಅಂಕ ಕೊಟ್ಟು ಸಾಲಾಗಿ ನಿಲ್ಲಿಸಿದರೆ ಎರಡೂ ಕೈಗೆ ಸಿಗುವುದಿಲ್ಲ.

ಇಷ್ಟಾದರೂ ಪಟ್ಟಿ ಬೇಕೆನಿಸಿದರೆ ಯುಗಾದಿಗೆ ನೀವೇ ಬರೆಯಿರಿ. ಅಂಕಿ ಬೇಡ. ಯಾವ ಊರು, ಯಾವ ಜಾತ್ರೆ, ಹಿಮ್ಮೇಳದಲ್ಲಿ ಯಾರಿದ್ದರು ಎಂದಷ್ಟೇ ಸಾಕು. ಮುಂದಿನ ವರ್ಷ ಹೊರಡುವವರು ಅದನ್ನೇ ಕೇಳುತ್ತಾರೆ.