ಮೊರೇವಿಯನ್ ಬಾಲಿಕಾ ಶಿಕ್ಷಣದ ಚರಿತ್ರೆ: ಸ್ಥಾಪನೆಯ ವರ್ಷ ಮತ್ತು ಬರೆಯುವ ಕೈ

1

ಸ್ತ್ರೀಶಿಕ್ಷಣದ ಚರಿತ್ರೆಯನ್ನು ಬರೆಯುವವರು ಮೊರೇವಿಯನ್ ಕ್ರೈಸ್ತಸಭೆಯನ್ನು ಸಾಮಾನ್ಯವಾಗಿ ಒಂದು ತಾರೀಖಿನ ಮೂಲಕ ನೆನೆಯುತ್ತಾರೆ. 1742ರ ಮೇ 4ರಂದು ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ, ಹದಿನಾರು ವರ್ಷದ ಬೆನಿಗ್ನಾ ಫಾನ್ ಜಿಂಜೆಂಡಾರ್ಫ್ 25 ಮಂದಿ ಹುಡುಗಿಯರಿಗಾಗಿ ಒಂದು ಶಾಲೆಯನ್ನು ತೆರೆದಳು. ಆ ಶಾಲೆ ಬೆತ್ಲೆಹೆಮ್ ಎಂಬ ಮೊರೇವಿಯನ್ ಊರಿಗೆ, ಅಲ್ಲಿಂದ ನಜರೆತ್‌ಗೆ, 1749ರಲ್ಲಿ ಮತ್ತೆ ಬೆತ್ಲೆಹೆಮ್‌ಗೆ ಸ್ಥಳಾಂತರಗೊಂಡಿತು. 1954ರಲ್ಲಿ ಅದು ಪುರುಷರ ಕಾಲೇಜಿನೊಡನೆ ವಿಲೀನವಾಯಿತು. ಆ ಸಂಸ್ಥೆಗೆ 2021ರಲ್ಲಿ ಮೊರೇವಿಯನ್ ವಿಶ್ವವಿದ್ಯಾಲಯ ಎಂಬ ಹೆಸರು ಬಂದಿತು. ಲಿಟಿಟ್ಸ್ ಎಂಬಲ್ಲಿನ ಲಿಂಡನ್ ಹಾಲ್ ತನ್ನ ಆರಂಭವನ್ನು 1746ಕ್ಕೂ, ಉತ್ತರ ಕೆರೊಲಿನಾದ ಸೇಲಂ ಶಾಲೆ 1772ಕ್ಕೂ ಒಯ್ಯುತ್ತವೆ. ಇವುಗಳಲ್ಲಿ ಯಾವುದು ಮೊದಲು, ಯಾವುದು ಹಳೆಯದು ಎಂಬ ಚರ್ಚೆಯೇ ಸಂಸ್ಥೆಗಳ ಅಧಿಕೃತ ಚರಿತ್ರೆಗಳ ಬಹುಭಾಗವನ್ನು ಆಕ್ರಮಿಸಿಕೊಂಡಿದೆ.

ಈ ತಾರೀಖುಗಳ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸ್ಥಾಪನೆಯ ವರ್ಷ ಬಾಗಿಲು ಯಾವಾಗ ತೆರೆಯಿತೆಂಬುದನ್ನಷ್ಟೇ ತಿಳಿಸುತ್ತದೆ. ಒಳಗೆ ಬಂದವರು ಯಾರು, ಅವರನ್ನು ಏತಕ್ಕಾಗಿ ಕರೆಯಲಾಯಿತು, ಕಲಿತ ಅಕ್ಷರದಿಂದ ಅವರು ಏನನ್ನು ಬರೆದರು ಎಂಬ ಪ್ರಶ್ನೆಗಳಿಗೆ ಅದು ಉತ್ತರಿಸುವುದಿಲ್ಲ. ಒಂದು ಶಿಕ್ಷಣಪದ್ಧತಿಯನ್ನು ಅಳೆಯಬೇಕಾದದ್ದು ಅಲ್ಲಿ ಕಲಿತವಳಿಗೆ ತನ್ನ ಬಾಳನ್ನು ತಾನೇ ಬರೆಯುವ ಅಧಿಕಾರ ಎಷ್ಟರಮಟ್ಟಿಗೆ ದೊರೆಯಿತು ಎಂಬುದರಿಂದ. ಈ ಮಾನದಂಡವನ್ನು ಮುಂದಿಟ್ಟುಕೊಂಡು ಮೊರೇವಿಯನ್ ಶಾಲೆಗಳ ಚರಿತ್ರೆಯನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊರೇವಿಯನ್ನರ ಮೂಲ 1457ರಲ್ಲಿ ಬೊಹೀಮಿಯಾದಲ್ಲಿ ರೂಪುಗೊಂಡ ಸೋದರ ಐಕ್ಯಸಭೆ. 1620ರ ಯುದ್ಧದಲ್ಲಿ ಪ್ರಾಟೆಸ್ಟಂಟರು ಸೋತ ಮೇಲೆ ಆ ಸಭೆ ಚದುರಿಹೋಯಿತು. ದೇಶಭ್ರಷ್ಟನಾಗಿ ಬದುಕಿದ ಅದರ ಬಿಷಪ್ ಕೊಮೆನಿಯಸ್ (1592-1670) ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಆತನ ‘ಡೈಡಾಕ್ಟಿಕಾ ಮ್ಯಾಗ್ನಾ’ ಗ್ರಂಥದ ಒಂಬತ್ತನೆಯ ಅಧ್ಯಾಯ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲ ಮಕ್ಕಳನ್ನೂ ಶಾಲೆಗೆ ಕಳುಹಿಸಬೇಕೆಂದು ವಾದಿಸುತ್ತದೆ. ಸ್ತ್ರೀಯರ ಬುದ್ಧಿ ಪುರುಷರದ್ದರಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹರಿತವೆಂದು ಆತ ಹೇಳುತ್ತಾನೆ. ಹದಿನೇಳನೆಯ ಶತಮಾನದ ಮಟ್ಟಿಗೆ ಇದು ಸಾಮಾನ್ಯ ಮಾತಲ್ಲ.

ಆದರೆ ಅದೇ ಅಧ್ಯಾಯ ಮುಂದುವರಿದು, ಈ ಕಲಿಕೆ ಸ್ತ್ರೀಯ ಕುತೂಹಲವನ್ನು ಬೆಳೆಸುವುದಕ್ಕಲ್ಲ, ಮನೆವಾರ್ತೆಯನ್ನು ನಡೆಸಲು ಮತ್ತು ಗಂಡನ, ಕುಟುಂಬದ ಹಿತವನ್ನು ಸಾಧಿಸಲು ಎಂಬ ಮಿತಿಯನ್ನು ಹಾಕುತ್ತದೆ. ಬುದ್ಧಿಯ ಸಮಾನತೆಯನ್ನು ಒಪ್ಪಿಕೊಂಡು ಬುದ್ಧಿಯ ವಿನಿಯೋಗವನ್ನು ಮುಂಚಿತವಾಗಿಯೇ ನಿಗದಿಪಡಿಸುವ ಈ ದ್ವಂದ್ವ ಮುಂದಿನ ಎರಡು ಶತಮಾನಗಳ ಮೊರೇವಿಯನ್ ಶಾಲೆಗಳಲ್ಲಿ ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಕೊಮೆನಿಯಸ್‌ನ ಚಿಂತನೆ ನೇರವಾಗಿ ಈ ಶಾಲೆಗಳಿಗೆ ಇಳಿದುಬಂದಿತೆಂದು ಹೇಳುವುದು ಅವಸರದ ತೀರ್ಮಾನವಾಗುತ್ತದೆ. 1722ರಲ್ಲಿ ಮೊರೇವಿಯಾದ ನಿರಾಶ್ರಿತರಿಗೆ ಸ್ಯಾಕ್ಸನಿಯಲ್ಲಿರುವ ತನ್ನ ಜಮೀನಿನಲ್ಲಿ ನೆಲೆ ಕೊಟ್ಟ ಕೌಂಟ್ ಜಿಂಜೆಂಡಾರ್ಫ್ ಹಾಲೆ ನಗರದಲ್ಲಿ ಫ್ರಾಂಕೆಯ ಸಂಸ್ಥೆಯಲ್ಲಿ ಓದಿದವನು. ಫ್ರಾಂಕೆ 1698ರಲ್ಲಿಯೇ ಅಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಪ್ರತ್ಯೇಕ ಸಂಸ್ಥೆಯನ್ನು ಆರಂಭಿಸಿದ್ದನು. ಹೀಗೆ ಎರಡು ಪರಂಪರೆಗಳು ಹೆರ್ನ್‌ಹೂಟ್ ಎಂಬ ಆ ಹೊಸ ಊರಿನಲ್ಲಿ ಕೂಡಿಕೊಂಡವು.

3

ಮೊರೇವಿಯನ್ ಬಾಲಿಕಾ ಶಾಲೆಯ ನಿಜವಾದ ತಳಹದಿ ಗ್ರಂಥಗಳಿಗಿಂತ ಹೆಚ್ಚಾಗಿ ಹೆರ್ನ್‌ಹೂಟಿನ ಜೀವನವ್ಯವಸ್ಥೆಯಲ್ಲಿದೆ. ಅಲ್ಲಿಯ ಸಮುದಾಯವನ್ನು ಕುಟುಂಬಗಳಾಗಿ ವಿಂಗಡಿಸದೆ, ವಯಸ್ಸು, ಲಿಂಗ ಮತ್ತು ವೈವಾಹಿಕ ಸ್ಥಿತಿಗನುಗುಣವಾಗಿ ವೃಂದಗಳನ್ನಾಗಿ ವಿಂಗಡಿಸಲಾಗಿತ್ತು. ಬಾಲಿಕೆಯರು, ಅವಿವಾಹಿತ ಸೋದರಿಯರು, ವಿವಾಹಿತರು, ವಿಧವೆಯರು ಹೀಗೆ ಪ್ರತಿಯೊಂದು ವೃಂದಕ್ಕೂ ತನ್ನದೇ ಆದ ಪ್ರಾರ್ಥನೆ, ತನ್ನದೇ ಆದ ಮುಖಂಡತ್ವವಿತ್ತು. ಸ್ತ್ರೀವೃಂದಗಳನ್ನು ಸ್ತ್ರೀಯರೇ ನಡೆಸಬೇಕಾಗಿತ್ತು. 1730ರಲ್ಲಿ ಅನ್ನಾ ನಿಟ್ಷ್‌ಮನ್ ಸ್ತ್ರೀಯರ ಪ್ರಧಾನ ಹಿರಿಯಳಾಗಿ ಆಯ್ಕೆಯಾದಾಗ ಆಕೆಗೆ ಹದಿನಾಲ್ಕೇ ವರ್ಷ.

ಇಂತಹ ವ್ಯವಸ್ಥೆಗೆ ಓದುಬರಹ ಬಲ್ಲ, ಲೆಕ್ಕಪತ್ರ ನೋಡಿಕೊಳ್ಳಬಲ್ಲ ಸ್ತ್ರೀಯರು ಅನಿವಾರ್ಯ. ಬೆತ್ಲೆಹೆಮ್‌ನಲ್ಲಿ 1762ರವರೆಗೆ ನಡೆದ ಸಾಮೂಹಿಕ ಅರ್ಥವ್ಯವಸ್ಥೆಯಲ್ಲಿ ತಂದೆತಾಯಿಗಳು ಸಭೆಯ ಕೆಲಸದಲ್ಲಿ ಇಲ್ಲವೇ ಪ್ರಚಾರಕಾರ್ಯದ ಪ್ರಯಾಣದಲ್ಲಿ ತೊಡಗಿರುತ್ತಿದ್ದುದರಿಂದ, ಮಕ್ಕಳು ಎಳವೆಯಲ್ಲಿಯೇ ಶಿಶುಗೃಹಕ್ಕೂ ಅಲ್ಲಿಂದ ವಸತಿಶಾಲೆಗೂ ಸೇರುತ್ತಿದ್ದರು. ಅಂದರೆ ವಸತಿಶಾಲೆ ಇಲ್ಲಿ ಮನೆಗೆ ಪೂರಕವಾಗಿ ಬಂದದ್ದಲ್ಲ, ಮನೆಯ ಸ್ಥಾನದಲ್ಲಿ ನಿಂತದ್ದು. ಅವಿವಾಹಿತ ಸೋದರಿಯರ ಮನೆ ಈ ಶಾಲೆಗಳಿಗೆ ಶಿಕ್ಷಕಿಯರನ್ನು ಒದಗಿಸಿತು. 1766ರಲ್ಲಿ ಹದಿಹರೆಯದಲ್ಲಿದ್ದಾಗ ಬೆತ್ಲೆಹೆಮ್‌ನಿಂದ ಕಾಲ್ನಡಿಗೆಯಲ್ಲಿ ಉತ್ತರ ಕೆರೊಲಿನಾಕ್ಕೆ ಹೋದ ತಂಡದಲ್ಲಿದ್ದ ಎಲಿಜಬೆತ್ ಓಸ್ಟರ್‌ಲೈನ್, 1772ರಲ್ಲಿ ಸೇಲಂ ಶಾಲೆಯ ಮೊದಲ ಶಿಕ್ಷಕಿಯಾದಳು. ಮದುವೆಯಾಗದೆ, ದುಡಿದು, ಗೌರವದಿಂದ ಬದುಕುವ ಅವಕಾಶ ಆ ಕಾಲದ ಸ್ತ್ರೀಗೆ ಇತರೆಡೆ ದುರ್ಲಭವಾಗಿತ್ತೆಂಬುದನ್ನು ನೆನೆದರೆ ಈ ವ್ಯವಸ್ಥೆಯ ಬೆಲೆ ತಿಳಿಯುತ್ತದೆ.

4

ಈ ಶಿಕ್ಷಣದ ಅತ್ಯಂತ ವಿಶಿಷ್ಟವಾದ ಫಲ ‘ಲೇಬೆನ್ಸ್‌ಲೌಫ್’ ಎಂದು ಜರ್ಮನ್ ಭಾಷೆಯಲ್ಲಿ ಕರೆಯಲಾಗುವ ಆತ್ಮವೃತ್ತಾಂತ. ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ಸಭೆಯ ಸದಸ್ಯರು, ಸ್ತ್ರೀಯರೂ ಸೇರಿದಂತೆ, ತಮ್ಮ ಬಾಳಿನ ಕಥೆಯನ್ನು ತಾವೇ ಬರೆದಿಡುವ ಅಥವಾ ಹೇಳಿ ಬರೆಯಿಸುವ ರೂಢಿ ಬೆಳೆಯಿತು. ಮರಣದ ಅನಂತರ ಇತರರು ಅದನ್ನು ಪೂರ್ತಿಗೊಳಿಸಿ, ಅಂತ್ಯಸಂಸ್ಕಾರದ ವೇಳೆ ಸಭೆಯಲ್ಲಿ ಓದುತ್ತಿದ್ದರು. ಹೆರ್ನ್‌ಹೂಟ್ ಮತ್ತು ಬೆತ್ಲೆಹೆಮ್ ದಫ್ತರಗಳಲ್ಲಿ ಇಂತಹ ಬರಹಗಳು ರಾಶಿಯಾಗಿ ಉಳಿದಿವೆ. ಬೆತ್ಲೆಹೆಮ್‌ನ ಸ್ತ್ರೀಯರ ಆತ್ಮವೃತ್ತಾಂತಗಳನ್ನು ಕ್ಯಾಥರೀನ್ ಫಾಲ್ ಅವರು 1997ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ ಮೇಲೆ ಈ ಪ್ರಕಾರ ಸ್ತ್ರೀವಾದಿ ಅಧ್ಯಯನಗಳ ಗಮನ ಸೆಳೆಯಿತು.

ಸಾಮಾನ್ಯ ಸ್ತ್ರೀಯೊಬ್ಬಳ ಬಾಳು ಬರೆಯಲು ಯೋಗ್ಯವಾದದ್ದು, ಸಮುದಾಯವೆಲ್ಲ ಕುಳಿತು ಕೇಳಲು ಅರ್ಹವಾದದ್ದು ಎಂಬ ನಂಬಿಕೆ ಇದರ ಹಿಂದಿದೆ. ಸೇವಕಿ, ನೇಯುವವಳು, ವಿಧವೆ, ಶಿಕ್ಷಕಿ ಇವರೆಲ್ಲರೂ ‘ನಾನು’ ಎಂದು ಆರಂಭಿಸುವ ವಾಕ್ಯದ ಒಡತಿಯರಾಗುತ್ತಾರೆ. ಹಾಗೆಂದು ಇವನ್ನು ಮುಕ್ತ ಆತ್ಮಕಥನಗಳೆಂದು ಭಾವಿಸುವಂತಿಲ್ಲ. ಬಾಲ್ಯದ ಭಕ್ತಿ, ಪಾಪಪ್ರಜ್ಞೆ, ತೊಳಲಾಟ, ಕೊನೆಗೆ ದೊರೆತ ಶಾಂತಿ ಎಂಬ ಚೌಕಟ್ಟು ಪದೇ ಪದೇ ಮರುಕಳಿಸುತ್ತದೆ. ಸಭೆಗೆ ಒಪ್ಪಿತವಲ್ಲದ ಅನುಭವಕ್ಕೆ ಈ ಚೌಕಟ್ಟಿನಲ್ಲಿ ಸ್ಥಳ ಕಡಿಮೆ. ಆದ್ದರಿಂದ ವಿಮರ್ಶಕನು ಚೌಕಟ್ಟಿಗೆ ಹೊಂದದೆ ಉಳಿದ ವಿವರಗಳನ್ನು, ಅಂದರೆ ದಾಟಿದ ಸಮುದ್ರ, ಸತ್ತ ಮಗು, ಮನಸ್ಸಿಲ್ಲದ ಮದುವೆ ಇಂತಹವುಗಳನ್ನು, ಹೆಚ್ಚಿನ ಎಚ್ಚರದಿಂದ ಓದಬೇಕಾಗುತ್ತದೆ.

5

ಇಲ್ಲಿ ಸಂಸ್ಥಾಚರಿತ್ರೆಗಳು ಒತ್ತುಕೊಡದ ಒಂದು ವೈರುಧ್ಯವನ್ನು ಗಮನಿಸಬೇಕು. ಜಿಂಜೆಂಡಾರ್ಫ್ ಮತ್ತು ಅನ್ನಾ ನಿಟ್ಷ್‌ಮನ್ ಇಬ್ಬರೂ 1760ರಲ್ಲಿ ತೀರಿಕೊಂಡರು. ಆ ಬಳಿಕ ನಡೆದ ಸಭೆಯ ಮಹಾಸಮ್ಮೇಳನಗಳಲ್ಲಿ ಸ್ತ್ರೀಯರ ಅಧಿಕಾರ ಕ್ರಮೇಣ ಮೊಟಕಾಯಿತು. ಶಾಲೆಗಳು ಹೊರಗಿನವರಿಗೆ ಬಾಗಿಲು ತೆರೆದು ಖ್ಯಾತಿ ಪಡೆದದ್ದು ಇದಾದ ಮೇಲೆಯೇ: ಬೆತ್ಲೆಹೆಮ್ 1785ರ ನಿರ್ಧಾರದಂತೆ, ಸೇಲಂ 1802ರ ನಂತರ. ಶುಲ್ಕ ಕೊಡಬಲ್ಲ ಅನ್ಯಸಭೆಗಳ ಶ್ರೀಮಂತ ಮನೆತನದ ಹುಡುಗಿಯರು ಇಲ್ಲಿ ಭಾಷೆ, ಗಣಿತ, ಭೂಗೋಳ, ಚರಿತ್ರೆ, ಸಂಗೀತ ಮತ್ತು ಸೂಕ್ಷ್ಮವಾದ ಕಸೂತಿಯನ್ನು ಕಲಿತರು. ಎರಡೂ ಶಾಲೆಗಳ ಮೇಲ್ವಿಚಾರಣೆ ಪುರುಷ ಧರ್ಮಗುರುಗಳ ಕೈಗೆ ಹೋಯಿತು. ಪಾಠ ಹೇಳುವವರು ಸೋದರಿಯರೇ ಆಗಿ ಉಳಿದರು.

ಸಮುದಾಯವನ್ನು ನಡೆಸುವ ಸ್ತ್ರೀಯರನ್ನು ಸಿದ್ಧಪಡಿಸುತ್ತಿದ್ದ ಶಾಲೆ ಹೀಗೆ ಸಭ್ಯ ಗೃಹಿಣಿಯರನ್ನು ಸಿದ್ಧಪಡಿಸುವ ವಿದ್ಯಾಲಯವಾಗಿ ಮಾರ್ಪಟ್ಟಿತು. ಪಠ್ಯವಿಷಯಗಳು ಹೆಚ್ಚಿದವು, ಅಧಿಕಾರ ಕುಗ್ಗಿತು. ಕೊಮೆನಿಯಸ್ ಹಾಕಿದ್ದ ಮಿತಿ ಇಲ್ಲಿ ಸಂಸ್ಥೆಯ ರೂಪ ಪಡೆಯಿತೆಂದರೆ ತಪ್ಪಾಗಲಾರದು. ಪ್ರಗತಿಯ ಏಕರೇಖೆಯ ಕಥನಕ್ಕೆ ಈ ಸಂಗತಿ ಒಗ್ಗುವುದಿಲ್ಲ.

6

ಬಾಗಿಲು ಯಾರಿಗೆ ತೆರೆದಿತ್ತು ಎಂಬ ಪ್ರಶ್ನೆ ಇನ್ನೂ ಕಠಿಣವಾದದ್ದು. ಮೊರೇವಿಯನ್ನರು 1732ರಲ್ಲಿಯೇ ಡೆನ್ಮಾರ್ಕಿನ ಅಧೀನದಲ್ಲಿದ್ದ ಕೆರಿಬಿಯನ್ ದ್ವೀಪ ಸೇಂಟ್ ಥಾಮಸ್‌ಗೆ ಹೋಗಿ ಗುಲಾಮರ ನಡುವೆ ಕೆಲಸ ಆರಂಭಿಸಿದ್ದರು. ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ರೆಬೆಕ್ಕಾ ಎಂಬ ತರುಣಿ ಅಲ್ಲಿ ಸ್ತ್ರೀಯರಿಗೆ ಬೋಧಿಸಿದಳು. ಮುಂದೆ ಯೂರೋಪಿನಲ್ಲಿ ಸಭೆಯ ಸೇವಕಿಯಾಗಿ ದೀಕ್ಷೆ ಪಡೆದು, ಕೊನೆಗೆ ಪಶ್ಚಿಮ ಆಫ್ರಿಕಾದ ತೀರದಲ್ಲಿ 1780ರಲ್ಲಿ ನಿಧನಳಾದಳು. ಆಕೆಯ ಬಾಳನ್ನು ಜಾನ್ ಸೆನ್ಸ್‌ಬಾಕ್ ಅವರು 2005ರ ಗ್ರಂಥದಲ್ಲಿ ಪುನಾರಚಿಸಿದ್ದಾರೆ. ಅದೇ ದ್ವೀಪದ ಮ್ಯಾಗ್ಡಲೀನಾ ಎಂಬ ವೃದ್ಧೆಯ ಹೆಸರಿನಲ್ಲಿ 1739ರಲ್ಲಿ ಡೆನ್ಮಾರ್ಕಿನ ರಾಣಿಗೆ ಸಲ್ಲಿಸಲಾದ ಮನವಿಯೊಂದು ಉಳಿದಿದೆ. ಕಪ್ಪು ಸ್ತ್ರೀಯರ ಪ್ರಾರ್ಥನೆಗೆ ತೋಟದ ಒಡೆಯರು ಒಡ್ಡುತ್ತಿದ್ದ ಅಡ್ಡಿಯನ್ನು ನಿವಾರಿಸಬೇಕೆಂದು ಕೋರುವ ಈ ಪತ್ರ ಆಕೆಯ ಪಶ್ಚಿಮ ಆಫ್ರಿಕಾದ ತಾಯ್ನುಡಿಯಲ್ಲಿಯೂ ದ್ವೀಪದ ಡಚ್ ಮಿಶ್ರಭಾಷೆಯಲ್ಲಿಯೂ ಇದೆ. ಜರ್ಮನ್‌ಟೌನ್ ಶಾಲೆಗಿಂತ ಮೂರು ವರ್ಷ ಹಿಂದಿನ ಈ ಪತ್ರವನ್ನು ಬದಿಗಿಟ್ಟು ಮೊರೇವಿಯನ್ ಸ್ತ್ರೀಯರ ಅಕ್ಷರಚರಿತ್ರೆಯನ್ನು 1742ರಿಂದ ಆರಂಭಿಸುವುದು ಸಮಂಜಸವಲ್ಲ.

ಸೇಲಂನ ಸಭೆ ಗುಲಾಮರನ್ನು ಹೊಂದಿತ್ತು. ಅನ್ನಾ ಮರಿಯಾ ಸ್ಯಾಮ್ಯುಯಲ್ ಎಂಬ ಗುಲಾಮ ಬಾಲಿಕೆ 1790ರ ದಶಕದಲ್ಲಿ ಅಲ್ಲಿಯ ಸೋದರಿಯರ ಮನೆಯಲ್ಲಿದ್ದು ಶಾಲೆಯಲ್ಲಿ ಕಲಿತಳು. ಮುಂದಿನ ತಲೆಮಾರಿನಲ್ಲಿ ಆರಾಧನೆಯೂ ವರ್ಣಾನುಸಾರ ಬೇರ್ಪಟ್ಟು 1822ರಲ್ಲಿ ಕಪ್ಪುಜನರಿಗೆ ಪ್ರತ್ಯೇಕ ಸಭೆ ಏರ್ಪಟ್ಟಿತು. 1830ರ ರಾಜ್ಯ ಶಾಸನ ಗುಲಾಮರಿಗೆ ಓದುಬರಹ ಕಲಿಸುವುದನ್ನೇ ನಿಷೇಧಿಸಿತು. ಚೆರೋಕಿ ಬುಡಕಟ್ಟಿನ ನಡುವೆ ಸ್ಪ್ರಿಂಗ್ ಪ್ಲೇಸ್ ಎಂಬಲ್ಲಿ ಪಾಠ ಹೇಳಿದ ಅನ್ನಾ ರೋಸಿನಾ ಗ್ಯಾಂಬೋಲ್ಡ್ ಹಿಂದೆ ಬೆತ್ಲೆಹೆಮ್ ಶಾಲೆಯ ಶಿಕ್ಷಕಿಯಾಗಿದ್ದವಳು. 1805ರಿಂದ 1821ರವರೆಗೆ ಅಲ್ಲಿದ್ದು ಆಕೆ ಇಟ್ಟ ದಿನಚರಿ ಚೆರೋಕಿ ಬದುಕಿನ ಅಮೂಲ್ಯ ಆಕರ. ಆದರೆ ಅಲ್ಲಿ ಲೇಖನಿ ಶಿಕ್ಷಕಿಯ ಕೈಯಲ್ಲಿದೆ, ಚೆರೋಕಿ ಬಾಲಿಕೆ ಬರಹದ ವಿಷಯವಾಗಿ ಮಾತ್ರ ಉಳಿಯುತ್ತಾಳೆ. 1838ರಲ್ಲಿ ಆ ಜನಾಂಗವನ್ನೇ ನೆಲದಿಂದ ಬಲವಂತವಾಗಿ ಹೊರಹಾಕಲಾಯಿತು.

7

ಭಾರತದ ಸಂದರ್ಭದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಮೊರೇವಿಯನ್ನರು 1760ರಲ್ಲಿ ತರಂಗಂಬಾಡಿಗೆ ಬಂದರೂ, ಹಾಲೆಯ ಮಿಶನರಿಗಳ ವಿರೋಧದ ನಡುವೆ ಅಲ್ಲಿ ಬೇರೂರಲಾರದೆ 1803ರಲ್ಲಿ ಹಿಂದಿರುಗಿದರು. ಅವರ ಕಾರ್ಯ ನೆಲೆಗೊಂಡದ್ದು ಹಿಮಾಲಯದ ಲಾಹೌಲ್ ಮತ್ತು ಲಡಾಖ್‌ಗಳಲ್ಲಿ. ಸುರಿನಾಮಿನಲ್ಲಿ ಮಿಶನರಿ ದಂಪತಿಗಳಿಗೆ 1837ರಲ್ಲಿ ಜನಿಸಿ ಜರ್ಮನಿಯಲ್ಲಿ ಬೆಳೆದ ಮರಿಯಾ ಹೈಡೆ 1859ರಲ್ಲಿ ಲಾಹೌಲಿನ ಕೇಲಂಗಿಗೆ ಬಂದು ಅಲ್ಲಿಯ ಹೆಣ್ಣುಮಕ್ಕಳಿಗೆ ಉಣ್ಣೆಯ ಹೆಣಿಗೆಯನ್ನು ಕಲಿಸಿದಳು. ಆ ಕಸುಬು ಅಲ್ಲಿಯ ಸ್ತ್ರೀಯರ ಕೈಯಲ್ಲಿ ಉಳಿದು ಬೆಳೆದಿದೆ. ದಿನಚರಿ ಬರೆದವಳು ಮಾತ್ರ ಮರಿಯಾ.

ಕನ್ನಡ ಸಂಶೋಧಕರು ‘ಜರ್ಮನ್ ಮಿಶನರಿಗಳು’ ಎಂಬ ಒಂದೇ ಹೆಸರಿನಡಿ ಹಲವು ಸಂಸ್ಥೆಗಳನ್ನು ಸೇರಿಸಿಬಿಡುವುದುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಮೊರೇವಿಯನ್ ಸಂಸ್ಥೆಯಲ್ಲ. ಎರಡಕ್ಕೂ ಸಮಾನವಾದದ್ದು ಜರ್ಮನ್ ಪೈಯಟಿಸ್ಟ್ ಭಕ್ತಿಯ ಹಿನ್ನೆಲೆ. ಬಾಸೆಲ್‌ನಲ್ಲಿಯೂ ಆತ್ಮವೃತ್ತಾಂತ ಬರೆಯುವ ರೂಢಿಯಿತ್ತು, ಆದರೆ ಅಲ್ಲಿ ಅದು ಸೇವೆಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಯ ಬರಹವಾಗಿತ್ತು. ಮಂಗಳೂರು, ಧಾರವಾಡಗಳ ಬಾಲಿಕಾ ಶಾಲೆಗಳ ವಿದ್ಯಾರ್ಥಿನಿಯರು ನಮಗೆ ದೊರೆಯುವುದು ಬಹುಮಟ್ಟಿಗೆ ಮಿಶನರಿಗಳ ವರದಿ, ಪತ್ರ ಮತ್ತು ಛಾಯಾಚಿತ್ರಗಳ ಮೂಲಕ. ಎರಡು ದಫ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಈ ಮೌನ ಎದ್ದುಕಾಣುತ್ತದೆ. ವರದಿಯ ಅಂಕಿಸಂಖ್ಯೆಗಳನ್ನು ಮಾತ್ರ ಆಧರಿಸಿ ‘ಸ್ತ್ರೀಶಿಕ್ಷಣಕ್ಕೆ ಮಿಶನರಿಗಳ ಕೊಡುಗೆ’ ಎಂಬ ಶೀರ್ಷಿಕೆಯ ಪ್ರಬಂಧಗಳನ್ನು ಸಿದ್ಧಪಡಿಸುವ ನಮ್ಮ ಪದ್ಧತಿ ಇನ್ನಾದರೂ ಬದಲಾಗಬೇಕು.

ಮೊರೇವಿಯನ್ ಶಾಲೆಗಳ ಹೆಚ್ಚುಗಾರಿಕೆ, ಒಂದು ಕಾಲದಲ್ಲಿ, ಒಂದು ಮಿತಿಯೊಳಗೆ, ಸಾಮಾನ್ಯ ಸ್ತ್ರೀಯ ಕೈಗೆ ಲೇಖನಿಯನ್ನು ಕೊಟ್ಟು ಆಕೆಯ ಬರಹವನ್ನು ಜೋಪಾನ ಮಾಡಿದುದರಲ್ಲಿದೆ. ಅವುಗಳ ಕೊರತೆ, ಆ ಲೇಖನಿಯನ್ನು ಎಲ್ಲ ಹೆಣ್ಣುಮಕ್ಕಳ ಕೈಗೂ ಒಂದೇ ರೀತಿಯಲ್ಲಿ ಕೊಡದೆಹೋದುದರಲ್ಲಿದೆ. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡುವ ಚರಿತ್ರೆಗೆ 1742 ಎಂಬ ಅಂಕಿ ಒಂದು ಗುರುತು ಮಾತ್ರ. ಮಂಗಳೂರಿನ ಶಾಲೆಗಳಲ್ಲಿ ಓದಿದ ಹುಡುಗಿಯರು ಬರೆದ ಒಂದು ಪತ್ರವಾಗಲಿ, ಕಾಪಿಪುಸ್ತಕದ ಒಂದು ಹಾಳೆಯಾಗಲಿ ದೊರೆತರೆ, ಅದು ನೂರು ವಾರ್ಷಿಕ ವರದಿಗಳಿಗಿಂತ ಹೆಚ್ಚು ಬೆಲೆಯುಳ್ಳದ್ದೆಂದು ಭಾವಿಸಿ ಹುಡುಕುವ ಹೊಣೆ ನಮ್ಮ ಮೇಲಿದೆ.